ಹೊಳೆ ದಡದ ಕಲ್ಲಂಗಡಿ

ಪ್ರತಿ ಬೇಸಿಗೆಯಲ್ಲೂ ನನ್ನ ಬ್ರಹ್ಮಾವರದ ಅಂಗಡಿಗೆ ಕಲ್ಲಂಗಡಿ ಆರಿಸಲು ಬೈಂದೂರು ಕಡೆಯ ಗದ್ದೆಗಳನ್ನು ಸುತ್ತುತ್ತೇನೆ. ಈ ಸಲ ಭೋಜರಾಜನ ಗದ್ದೆಗೆ ಹೋದಾಗ ಮಾರ್ಚ್ ಮೊದಲ ವಾರ. ನಾನು ಒಪ್ಪಿದರೆ ಲಾರಿ ಬರುತ್ತದೆ. ಬಿಟ್ಟರೆ ಬೇರೆ ವ್ಯಾಪಾರಿ ಅತ್ತ ಸುಳಿಯುವುದಿಲ್ಲ. ಅದು ಅವನಿಗೂ ಅವನ ಹೆಂಡತಿ ಸರಸಳಿಗೂ ಗೊತ್ತು.

"ಹ್ವಾಯ್ ವನಜಕ್ಕ, ನಮ್ ಗದ್ದಿ ದಾರಿ ಮರ್ತೇ ಹೋಯ್ತಾ ಅಂದ್ಕಂಡೆ," ಎಂದಳು ಸರಸ.

"ನಿನ್ ಮಜ್ಜಿಗೆ ಮರೂಕಾತ್ತಾ ಮಾರಾಯ್ತಿ?"

ನಗು ಅಲ್ಲಿಗೇ ಮುಗಿಯಿತು. ಎಲೆಗಳ ಅಂಚು ಸುಟ್ಟಂತಿತ್ತು. ತೆಂಗಿನಕಾಯಿಗಿಂತ ದೊಡ್ಡ ಕಾಯಿ ಒಂದೂ ಇರಲಿಲ್ಲ.

"ಬೀಜದವ ಮೋಸ ಮಾಡ್ದ ಅಕ್ಕ," ಎಂದ ಭೋಜರಾಜ. "ಬಳ್ಳಿ ಬಾಡ್ತಿತ್ತ್ ಅಂದೇಳಿ ದಿನಕ್ ಎರಡ್ ಸಲ ನೀರ್ ಬಿಟ್ಟೆ. ಏಳುದೇ ಇಲ್ಲ."

ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಬಾವಿಯ ಪಂಪಿನ ಪೈಪಿನಿಂದ ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿದೆ.

"ಈ ಬಾವಿ ನೀರ್ ಕುಡ್ದಿದ್ಯಾ?"

"ಎಂತಕೆ? ಮನಿಗೆ ನಳ ಇತ್ತಲೆ."

"ಈಗ ಕುಡಿ."

ಅವನು ಉಗುಳಲಿಲ್ಲ. ನುಂಗಿ, ಹೊಳೆಯ ಕಿಂಡಿ ಅಣೆಕಟ್ಟಿನ ಕಡೆ ನೋಡಿದ. ಮಳೆಗಾಲ ಮುಗಿದ ಮೇಲೆ ಊರವರು ಸೇರಿ ಅದಕ್ಕೆ ಹಲಗೆ ಇಳಿಸುತ್ತಾರೆ. ಸಿಹಿನೀರು ಮೇಲೆ ನಿಲ್ಲುತ್ತದೆ, ಉಬ್ಬರದ ಉಪ್ಪುನೀರು ಒಳಗೆ ಬರುವುದಿಲ್ಲ.

"ಬಿತ್ತುಕೆ ಗದ್ದಿ ಒಣಗ್ಲಿ ಅಂದೇಳಿ ಎರಡ್ ಹಲ್ಗಿ ನಾನೇ ತೆಗ್ದಿದ್ದೆ," ಎಂದ. "ತಿಂಗ್ಳ್ ಕಳ್ದ್ ವಾಪಾಸ್ ಹಾಕ್ದೆ."

"ಯಾರಿಗೂ ಹೇಳ್ಲಿಲ್ಯಾ?" ಸರಸಳ ದನಿ ಇಳಿದಿತ್ತು.

"ಎರಡೇ ಅಲ್ದಾ ಅಂದ್ಕಂಡೆ."

ಇಂಥಲ್ಲಿ ಸುಳ್ಳು ಸಮಾಧಾನ ಹೇಳಿದರೆ ಅದು ಉಪಕಾರವಲ್ಲ. "ಪಂಪ್ ನಿಲ್ಸ್ ಭೋಜ. ಹೊಳಿ ಉಪ್ಪ್ ಬಾವಿಗೆ ಇಳ್ದಿತ್. ನೀನ್ ಬಿಟ್ಟ್ ನೀರೇ ಬಳ್ಳಿ ಸುಟ್ಟದ್ದ್. ಈ ಕಾಯಿ ಮಾರುಕಾತಿಲ್ಲ. ಮಳಿ ಬಂದ್ ಉಪ್ಪ್ ತೊಳಿವರೆಗೆ ಇಲ್ಲಿ ಎಂತದೂ ಹಾಕ್ಬೇಡ."

ಅವನು ಪಂಪು ನಿಲ್ಲಿಸಿದ. ಆಗ ಸರಸ ಪಕ್ಕದ ಹಂಚಿನ ಮನೆಯತ್ತ ತಿರುಗಿದಳು. ಅಲ್ಲಿ ಮುದುಕಿ ಸೀತು ಒಬ್ಬಳೇ ಇರುವುದು. ನಳವಿಲ್ಲ, ಬಾವಿ ಮಾತ್ರ.

"ಗಂಜಿ ಉಪ್ಪಾತ್ತ್ ಅಂದೇಳಿ ಸೀತಕ್ಕ ಎರಡ್ ವಾರದಿಂದ ಹೇಳ್ತಿದ್ರ್," ಎಂದಳು. "ವಯಸ್ಸಾಯ್ತ್, ನಾಲ್ಗಿ ಕೆಟ್ಟಿತ್ ಅಂದೇಳಿ ನಾನ್ ನೆಗಾಡ್ದೆ."

ಭೋಜರಾಜ ಮನೆಗೆ ಹೋಗಿ ನಳದಿಂದ ಎರಡು ಕೊಡ ತುಂಬಿಸಿದ. ಬೇಲಿ ದಾಟುವಾಗ ಸೀತು ಬಾವಿಕಟ್ಟೆಯಲ್ಲಿ ಹಗ್ಗ ಎಳೆಯುತ್ತಿದ್ದಳು. ಅವನನ್ನು ಕಂಡು ಖುಷಿಯಾಗಿ, "ಎಂತ ಮಗಾ, ಕಾಯಿ ಕೊಯ್ದಾಯ್ತಾ?" ಎಂದು ಕೇಳಿದಳು.

ಅವನು ಕೊಡ ಇಳಿಸಿ, ಅವಳ ಕೈಯಿಂದ ಹಗ್ಗ ತೆಗೆದುಕೊಂಡ.