ಕೆಳಗಿನ ಹಲಗೆಗೆ ಇಳಿದ ಡಬ್ಬಿಗಳು

ಹನ್ನೊಂದು ಗಂಟೆಯಾಯಿತೆಂದರೆ ಸಾಕು, ಟೈಲರಮ್ಮನ ಮನೆಯಲ್ಲಿ ಪಾಠಕ್ಕೂ ಒಲೆಗೂ ಜಟಾಪಟಿ ಶುರು. ಇಬ್ಬರು ಹೆಣ್ಣುಮಕ್ಕಳಿಗೂ ಶಾಲೆಯಿಲ್ಲ, ಮನೆಯಲ್ಲೇ ಅಮ್ಮನಿಂದ ಓದು. ದೊಡ್ಡವಳು ಅರ್ಧ, ಕಾಲು, ಮುಕ್ಕಾಲಿನ ಲೆಕ್ಕ ತಲೆಗೆ ಹತ್ತದೆ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಚಿಕ್ಕವಳಿಗೆ ಮನೆಯವರಿಟ್ಟ ಅಡ್ಡಹೆಸರು ಪಟಾಕಿ. ಹಸಿವಾದರೆ ಅವಳನ್ನು ಹಿಡಿಯುವವರೇ ಇಲ್ಲ. ಮಕ್ಕಳು ಒಳಗೆ ಬಂದರೆ ಪಾಠ ಹಾಳಾದೀತೆಂದು ಟೈಲರಮ್ಮ ಅಡುಗೆಮನೆ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು, ತಾನೊಬ್ಬಳೇ ಒಳಗೂ ಹೊರಗೂ ಓಡುತ್ತಿದ್ದಳು. ಎಷ್ಟು ಓಡಿದರೇನು, ಅನ್ನವೂ ಸೀಯುತ್ತಿತ್ತು, ಪಾಠವೂ ಕೆಡುತ್ತಿತ್ತು.

ಬಸ್ ಓಡಿಸುವ ಗಂಡ ಒಳ್ಳೆಯವನೇ. ಆದರೂ ದಿನಾ ಈ ರಂಪ ನೋಡಿ ಅವನಿಗೂ ಸಾಕಾಗಿಹೋಗಿತ್ತು. ಶನಿವಾರದೊಳಗೆ ದೊಡ್ಡವಳಿಗೆ ಆ ಲೆಕ್ಕ ಬರದಿದ್ದರೆ ಮನೆಪಾಠ ನಿಲ್ಲಿಸಿ ಇಬ್ಬರನ್ನೂ ಶಾಲೆಗೆ ಸೇರಿಸಿಬಿಡೋಣ ಎಂದ. ಮಕ್ಕಳನ್ನು ಕೂರಿಸಿಕೊಂಡು ಓದಿಸುವುದೆಂದರೆ ಟೈಲರಮ್ಮನಿಗೆ ಪ್ರಾಣ.

ಮರುದಿನ ಪಕ್ಕದ ಮನೆಯ ನರ್ಸಕ್ಕ ಸಮವಸ್ತ್ರ ಬಿಗಿ ಮಾಡಿಸಲು ಬಂದಾಗ ಟೈಲರಮ್ಮ ಅವಳ ಮುಂದೆ ಗೋಳು ತೋಡಿಕೊಂಡಳು. ನರ್ಸಕ್ಕ ಎದ್ದು ಹೋಗಿ ಅಡುಗೆಮನೆ ನೋಡಿದಳು. ಡಬ್ಬಿಗಳೆಲ್ಲ ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಅಳತೆಗೆಂದು ಒಂದು ಲೋಟವೂ ಇಲ್ಲ, ಎಲ್ಲ ಕಣ್ಣಂದಾಜು.

“ಅಲ್ಲ ಕಣೇ, ಟೇಪು ಹಿಡೀದೆ ಬಟ್ಟೆಗೆ ಕತ್ತರಿ ಹಾಕ್ತೀಯಾ? ಅಡುಗೆಗೆ ಯಾಕೆ ಅಂದಾಜು? ಮಕ್ಕಳನ್ನ ಒಳಗೆ ಕರಿ. ಆ ಲೆಕ್ಕ ಇರೋದೇ ಇಲ್ಲಿ.”

“ಅಯ್ಯೋ ಅಕ್ಕಾ, ಕೈ ಸುಟ್ಕೊಂಡ್ರೆ?”

“ಒಲೆ ಹಚ್ಚೋದು, ಬಿಸಿ ಪಾತ್ರೆ ಇಳಿಸೋದು ನೀನು. ಕೈ ತೊಳ್ಕೊಂಡು ಅಳೆಯೋದು, ಸೊಪ್ಪು ಬಿಡಿಸೋದು ಅವರು.”

ಟೈಲರಮ್ಮನಿಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಸಂಜೆಯೇ ಅಕ್ಕಿ, ಕಾಳು, ಬಟಾಣಿಯ ಡಬ್ಬಿಗಳನ್ನು ಕೆಳಗಿನ ಹಲಗೆಗೆ ಇಳಿಸಿದಳು. ಪಟಾಕಿ ಒಂದೊಂದಕ್ಕೂ ಹೆಸರು ಬರೆದು ಅಂಟಿಸಿದಳು. ಅದೇ ಅವಳ ಅಂದಿನ ಕಾಪಿ ಬರಹ. ಒಂದು, ಅರ್ಧ, ಕಾಲು ಎಂದು ಮೂರು ಅಳತೆ ಲೋಟ ಬಂದವು. ಒಂದೇ ಪಾತ್ರೆಯಲ್ಲಿ ಅಕ್ಕಿ, ಕಾಳು, ತರಕಾರಿ ಬೇಯಿಸುವುದೆಂದು ತೀರ್ಮಾನವಾಯಿತು. ಮೊದಲ ದಿನ ನೆಲದ ತುಂಬ ಅಕ್ಕಿ. ಯಾರ ಮಾತು ಕೇಳಿ ಕೆಟ್ಟೆನಪ್ಪಾ ಎಂದು ಟೈಲರಮ್ಮ ಪೊರಕೆ ಹಿಡಿದಳು. ಮೂರನೆಯ ದಿನ ಗುಡಿಸುವುದೂ ಮಕ್ಕಳ ಕೆಲಸವಾಯಿತು.

ಶನಿವಾರ ಮಧ್ಯಾಹ್ನ ಗಂಡ ಹೇಳದೆ ಕೇಳದೆ ಕಂಡಕ್ಟರನನ್ನೂ ಊಟಕ್ಕೆ ಕರೆತಂದ. ಬಂದವನೇ ಲೆಕ್ಕ ಒಪ್ಪಿಸಲು ಮಗಳನ್ನು ಕೂಗಿದ.

“ತಡಿಯಪ್ಪಾ, ಕೆಲಸ ಇದೆ,” ಎಂದಳು ದೊಡ್ಡವಳು ಒಳಗಿನಿಂದಲೇ. “ಒಬ್ಬರಿಗೆ ಅರ್ಧ ಲೋಟ ಅಕ್ಕಿ. ಈಗ ಐದು ಜನ, ಎರಡೂವರೆ ಲೋಟ. ಅಕ್ಕಿಯ ಎರಡರಷ್ಟು ನೀರು, ಐದು. ಅರ್ಧದ ಲೋಟ ಪಟಾಕಿ ಹತ್ರ ಇದೆ, ಕಾಲು ಲೋಟ ಎರಡು ಸಲ ಹಾಕ್ತೀನಿ.”

ಅಪ್ಪ ಬಾಗಿಲಲ್ಲೇ ನಿಂತ. “ಆರು ಜನ ಆದ್ರೆ?”

“ಮೂರು ಲೋಟ. ಯಾರನ್ನಾದ್ರೂ ಕರಿ ಬೇಕಾದ್ರೆ.”

ಟೈಲರಮ್ಮನಿಗೆ ಖುಷಿಗೆ ಕಣ್ಣು ತುಂಬಿ ಬಂತು. ಗಂಡ ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿಕೊಂಡ.

“ಹಾಗಾದ್ರೆ ಮೂರೇ ಹಾಕು ಮಗಳೇ, ಮನೆಪಾಠ ನಿಲ್ಲಿಸೋದು ಬೇಡ. ನರ್ಸಕ್ಕನ್ನ ಕರ್ಕೊಂಡು ಬರ್ತೀನಿ.”

ಮನೆಯಲ್ಲೇ ಮಕ್ಕಳಿಗೆ ಓದಿಸುವ ತಾಯಂದಿರೇ, ತಂದೆಯರೇ, ನಿಮ್ಮ ಅಡುಗೆಮನೆಯಲ್ಲೂ ಒಂದು ಹಲಗೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಬೆಂಕಿ, ಬಿಸಿ, ಚೂಪು ಚಾಕು ನಿಮ್ಮ ಕೈಯಲ್ಲಿರಲಿ; ಅಳತೆ ಲೋಟ ಅವರ ಕೈಗೆ ಕೊಡಿ. ಇಂದಿನ ಊಟದಿಂದಲೇ ಶುರುಮಾಡಿ.