ಎರಡನೇ ಮಾಳಿಗೆಯ ಮೂಡಣ ಬಾಗಿಲು

ಸೋಮವ್ವನ ತಮ್ಮ ಖಂಡಪ್ಪನ ಮದುವೆ ಗಟ್ಟಿಯಾಗಲು ಒಂದೇ ಶಾಸ್ತ್ರ ಉಳಿದಿತ್ತು: ಹುಡುಗಿಯ ಸೋದರಮಾವ ಬಂದು ಗಂಡಿನ ಮನೆ ನೋಡಿ ಒಪ್ಪಬೇಕು. "ಗೋರೆಗಾಂವದಾಗ ಬಿಲ್ಡಿಂಗಿನೊಳಗ ಅದೀವಿ" ಎಂದು ಸೋಮವ್ವ ಊರಿಗೆ ಕಾಗದ ಬರೆಸಿದ್ದು ಸುಳ್ಳೇನಲ್ಲ. ಆ ಬಿಲ್ಡಿಂಗು ಕಟ್ಟುತ್ತಿದ್ದವರೇ ಅವರು. ಖಂಡಪ್ಪ ಗೋಡೆ ಕಟ್ಟುವ ಗೌಂಡಿ, ಅವಳು ಇಟ್ಟಂಗಿ ಹೊರುವವಳು. ಬಿಲ್ಡಿಂಗು ಏರಿದಂತೆ ಅವರ ಒಲೆಯೂ ಏರಿ ಈಗ ಎರಡನೇ ಮಾಳಿಗೆಯಲ್ಲಿತ್ತು.

ಮಾವ ಅಣವೀರಪ್ಪ ಧೋತರ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಗೋಡೆ ತಟ್ಟಿದ, ಒಲೆ ನೋಡಿದ. ಬಾಗಿಲಿಗೆ ಬಂದು ನಿಂತುಬಿಟ್ಟ.

"ತಂಗೀ, ಇದು ದಕ್ಷಿಣಕ್ಕ ಮಾರಿ ಮಾಡೇತಲ್ಲ. ಯಮನ ದಿಕ್ಕು."

"ಮುಂಬೈಯಾಗ ಯಮಗೂ ಖೋಲಿ ಸಿಗಂಗಿಲ್ಲ ಮಾವಾರ," ಎಂದ ಖಂಡಪ್ಪ.

ಮಾವ ನಗಲಿಲ್ಲ. "ಬಾಗಿಲ ಮೂಡಣಕ್ಕಿದ್ರ ಹುಡುಗಿ. ಇಲ್ಲಾಂದ್ರ ನಾ ಸಂಜೀ ಗಾಡಿಗೆ ಊರಿಗೆ."

ಗೌಂಡಿಗೆ ಹೆಣ್ಣು ಕೊಡುವುದಿಲ್ಲವೆಂದರೆ ತಡೆದುಕೊಂಡಾನು, ಬಾಗಿಲು ತಪ್ಪಿದೆಯೆಂದರೆ ತಡೆದುಕೊಳ್ಳಲಾರ. ಖಂಡಪ್ಪ ಉಳಿ ಸುತ್ತಿಗೆ ಎತ್ತಿದ. ಬಿಲ್ಡಿಂಗು ತನ್ನದಲ್ಲವೆಂಬುದು ಅವನಿಗೆ ಮರೆತೇಹೋಗಿತ್ತು. ಸೋಮವ್ವನಿಗೆ ನೆನಪಿತ್ತು. ಆದರೂ ಒಡೆದ ಇಟ್ಟಂಗಿ ಹೊತ್ತು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಮೂಡಣ ಗೋಡೆಯಲ್ಲಿ ಚೆಂದದ ಬಾಗಿಲಾಯಿತು. ಆಚೆ ಬರೀ ಗಾಳಿ. ಕೆಳಗೆ ಉಸುಕಿನ ದೊಡ್ಡ ಗುಡ್ಡೆ.

"ಬಾಗಿಲಂದ್ರ ಇದು," ಎಂದ ಮಾವ. "ಬಲಗಾಲಿಟ್ಟು ಒಳಗ ಬರತೀನಿ."

"ಒಳಗ ಅದೀರಲ್ಲ ಅಣ್ಣಾರ," ಎಂದಳು ಸೋಮವ್ವ.

"ಹೊರಗಿಂದ ಬಂದ್ರ ಶಾಸ್ತ್ರ."

ಸರಿ, ಕೆಳಗಿಳಿದು, ಹೊರಗೆ ಕಟ್ಟಿದ್ದ ಬಿದಿರು ಹಿಡಿದು ಮಾವ ಹತ್ತಿದ. ಕೆಳಗಿನಿಂದ ಖಂಡಪ್ಪ ನೂಕಿದ, ಮೇಲಿನಿಂದ ಸೋಮವ್ವ ಕೈಹಿಡಿದು ಎಳೆದಳು. ಬಲಗಾಲು ಹೊಸ್ತಿಲಿಗೆ ತಾಗಿತ್ತಷ್ಟೇ, ಅಂಗಳದಲ್ಲಿ ಕೆಲಸದ ಉಸ್ತುವಾರಿಯ ಮುಕಾದಮ, ಮಂಗಳೂರು ಕಡೆಯ ದೂಜ ಪ್ರತ್ಯಕ್ಷನಾದ.

"ಅಲ್ಲಿ ಬಾಗಿಲು ಇಟ್ಟದ್ದು ಯಾರು ಮಾರಾಯಾ? ನಕ್ಷೆಯಲ್ಲಿ ಉಂಟಾ ಅದು?"

ಖಂಡಪ್ಪ ಬಿದಿರಿಗೆ ಅಂಟಿಕೊಂಡ. ಕೆಲಸ ಹೋಯಿತು, ಅದರ ಹಿಂದೆ ಮನೆ, ಅದರ ಹಿಂದೆ ಹುಡುಗಿ ಎಂದುಕೊಂಡಳು ಸೋಮವ್ವ. ಆದರೆ ಒಂದು ಕಾಲು ಗಾಳಿಯಲ್ಲಿದ್ದ ಮಾವ ಕತ್ತು ತಿರುಗಿಸಿ ಗದರಿದ:

"ಯಾಂವಲೇ ಅಂವ? ಇದು ನಮ್ಮ ಅಳಿಯನ ಮನಿ. ಬಾಗಿಲ ಎಲ್ಲಿ ಇಡಬೇಕಂತ ಅಂವಗ ಗೊತ್ತೈತಿ."

ಅಳಿಯ! ಸೋಮವ್ವನಿಗೆ ಸಂತೋಷ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, ಮನೆದೇವರಿಗೆ ಎರಡೂ ಕೈ ಜೋಡಿಸಿದಳು. ಅವುಗಳಲ್ಲಿ ಒಂದು ಮಾವನನ್ನು ಹಿಡಿದಿತ್ತು.