ಸೊಟ್ಟ ಜಡೆ

ಬೀದಿಯ ಅರ್ಧದಷ್ಟು ಹೆಂಗಸರು ಪಾರ್ಲರಿನಲ್ಲಿ ಅವಳ ಕತ್ತರಿಗೆ ತಲೆ ಒಪ್ಪಿಸಿ ಕೂರುತ್ತಿದ್ದರು. ನಾಲ್ಕು ವರ್ಷದ ಸ್ವಂತ ಮಗಳು ಮಾತ್ರ ಬಾಚಣಿಗೆ ಕಂಡರೆ ಕಿರುಚಿ ಮಂಚದ ಕೆಳಗೆ ನುಗ್ಗುತ್ತಿದ್ದಳು. ಮನೆಯಲ್ಲಿ ಮಗಳನ್ನು ಕರೆಯುತ್ತಿದ್ದುದೇ ಪಟಾಕಿ ಎಂದು. ಹಾಗಾಗಿ ಒಂದು ಮಧ್ಯಾಹ್ನ ಶಿಶುವಿಹಾರದ ಗೇಟಿನಲ್ಲಿ ಪಟಾಕಿಯ ಬೆನ್ನ ಮೇಲೆ ಜಡೆ ಕಂಡಾಗ ತಾಯಿಗೆ ನಂಬಿಕೆಯೇ ಬರಲಿಲ್ಲ. ಬುಡ ಎಡಕ್ಕೆ ವಾಲಿತ್ತು. ಎಳೆ ಒಂದು ದಪ್ಪ, ಒಂದು ಸಣ್ಣ.

"ಅದೇನ್ ಮಾಡಿದ್ರಿ?" ಎಂದರು ಟೀಚರ್. "ಈ ವಾರ ಯಾರನ್ನೂ ಕಚ್ಚಿಲ್ಲ. ಕ್ರೇಯಾನ್ ಮುರೀತು, ಅಳ್ಲಿಲ್ಲ. ಇನ್ನೊಂದು ತಗೊಂಡ್ಲು, ಅಷ್ಟೆ."

ಅವಳು ಏನೂ ಮಾಡಿರಲಿಲ್ಲ. ಸಂಕಟ ಇದ್ದದ್ದೇ ಅಲ್ಲಿ. ಪಾರ್ಲರಿನ ಜೊತೆಗಾರ್ತಿ ರಜೆ ಹಾಕಿದ್ದರಿಂದ ಕೆಲಸ ರಾತ್ರಿಯವರೆಗೆ ಎಳೆಯುತ್ತಿತ್ತು, ಲಾರಿ ಓಡಿಸುವ ಗಂಡ ಊರಲ್ಲಿರಲಿಲ್ಲ. ವಾರವಿಡೀ ಮಗು ಮಲಗಿದ್ದು ಕೆಳಮನೆಯಲ್ಲಿ, ಓರಗಿತ್ತಿಯ ಬಳಿ. ಪಟಾಕಿಗೆ ಆಕೆ ದೊಡ್ಡಮ್ಮ.

ರಾತ್ರಿ ಕೆಲಸ ಮುಗಿಸಿ ನೇರ ಕೆಳಮನೆಗೆ ನುಗ್ಗಿದಳು. ಒಳಕೋಣೆಯಲ್ಲಿ ಪಟಾಕಿ ಬಾಯಿ ತೆರೆದು ನಿದ್ರಿಸುತ್ತಿದ್ದಳು. ದೊಡ್ಡಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ನನ್ನ ಮಗಳಿಗೆ ಅದೇನು ಮಾಟ ಮಾಡಿದ್ರಿ ಅಕ್ಕಾ?"

"ಮಾಟಾನೂ ಇಲ್ಲ, ಮಣ್ಣೂ ಇಲ್ಲ. ಎಂಟಕ್ಕೆ ಲೈಟ್ ಆರಿಸ್ತೀನಿ. ಬೆಳಗ್ಗೆ ತಾನಾಗೇ ಏಳ್ತಾಳೆ. ನಿದ್ದೆ ತುಂಬಿದ ಮಗು ಬಾಚಣಿಗೆ ಮೇಲೆ ಯಾಕೆ ರೇಗುತ್ತೆ?"

"ಜಡೆ ಸೊಟ್ಟಗಿತ್ತು."

"ಇರ್ಲಿ ಬಿಡೇ. ಮಗು ನೆಟ್ಟಗಿತ್ತಲ್ಲ."

"ನಾನು ಮನೆ ಸೇರೋದೇ ಎಂಟೂವರೆಗೆ. ಎಂಟಕ್ಕೇ ಮಲಗಿಸಿಬಿಟ್ರೆ ನನಗೆ ಅವಳು ಸಿಗೋದು ಯಾವಾಗ?"

ದೊಡ್ಡಮ್ಮ ಮಡಿಸಿದ್ದ ಟವಲನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಮರುದಿನ ಅವಳು ಹಟಕ್ಕೆ ಬಿದ್ದು, ತಾನು ಬರುವವರೆಗೆ ಮಲಗಿಸಬೇಡಿ ಎಂದು ಹೇಳಿಟ್ಟು, ರಾತ್ರಿ ಎಚ್ಚರವಾಗಿದ್ದ ಪಟಾಕಿಯನ್ನು ಮಹಡಿಯ ತಮ್ಮ ಮನೆಗೆ ಕರೆದೊಯ್ದಳು. ಮೊದಲಿನ ಹಾಗೆ ಇಬ್ಬರೂ ಹೊತ್ತು ಮೀರುವವರೆಗೆ ಅಂಗಡಿ ಆಟ ಆಡಿದರು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದಿನದಲ್ಲಿ ಮಗು ಪೂರ್ತಿ ಅವಳದಾಗುತ್ತಿದ್ದುದು ಆಗ ಮಾತ್ರ. ಬೆಳಗ್ಗೆ ಎಬ್ಬಿಸಿದರೆ ಕಾಲುಚೀಲ ಚುಚ್ಚಿತು, ಹಾಲಿನ ಲೋಟ ಹಾರಿತು. ಬಾಚಣಿಗೆ ತೆಗೆದದ್ದೇ ತಡ, ಮಗಳ ಹಲ್ಲು ತಾಯಿಯ ಮಣಿಕಟ್ಟಿನ ಮೇಲೆ ಮೂಡಿತು.

ಪಾರ್ಲರಿನಲ್ಲಿ ತಲೆ ತೊಳೆಸಿಕೊಳ್ಳುತ್ತಿದ್ದ ಗಿರಾಕಿ ಆ ಗುರುತು ನೋಡಿದಳು. "ಏನಮ್ಮಾ, ನಾಯಿ ಕಚ್ತಾ?"

"ಅಲ್ಲ, ಮಗಳು. ನಿದ್ದೆಗೆಟ್ಟಿದ್ಲು."

ತನ್ನ ಬಾಯಿಂದಲೇ ಬಂದ ಮಾತು. ನೊರೆಯೊಳಗೆ ಅವಳ ಬೆರಳು ಒಂದು ಕ್ಷಣ ನಿಂತಿತು.

ಮಧ್ಯಾಹ್ನ ಓರಗಿತ್ತಿಗೆ ಫೋನ್ ಮಾಡಿದಳು. "ಎಂಟಕ್ಕೇ ಮಲಗಿಸಿ ಅಕ್ಕಾ. ಆದ್ರೆ ನಮ್ಮನೇಲಿ, ನನ್ನ ಮಂಚದ ಮೇಲೆ. ನಾನು ಬರೋವರೆಗೂ ಅಲ್ಲೇ ಇರಿ. ಕಣ್ಣು ಬಿಟ್ಟಾಗ ಮೊದಲು ನಾನು ಕಾಣಬೇಕು."

"ಹೊಟ್ಟೆಕಿಚ್ಚಿನ ಮುಂಡೇದೆ!" ದೊಡ್ಡಮ್ಮ ನಕ್ಕಳು.

"ಹೌದು," ಎಂದಳು. ಅವಳಿಗೆ ನಗು ಬರಲಿಲ್ಲ.

ಕೆಲವು ದಿನ ಹೀಗೇ ಕಳೆದ ಮೇಲೆ, ಒಂದು ಬೆಳಗ್ಗೆ ಪಟಾಕಿ ಅಲಾರಂಗಿಂತ ಮುಂಚೆ ಎದ್ದಳು. ತಾನೇ ಬಾಚಣಿಗೆ ತಂದು ಅಮ್ಮನಿಗೆ ಬೆನ್ನು ಹಾಕಿ ಕೂತಳು. ಅಮ್ಮ ಮೆಲ್ಲಗೆ ಬೈತಲೆ ತೆಗೆದಳು, ಕೂದಲನ್ನು ಒಂದೇ ಅಳತೆಯ ಮೂರು ಎಳೆಗಳಾಗಿ ಹಿಡಿದಳು.

"ಹಂಗಲ್ಲ," ಎಂದಳು ಮಗಳು. "ದೊಡ್ಡಮ್ಮ ಹಾಕೋ ಥರ."

ತಾನು ತೆಗೆದ ನೇರ ಬೈತಲೆಯನ್ನು ಅಮ್ಮ ಒಮ್ಮೆ ನೋಡಿದಳು. ಆ ಪುಟ್ಟ ಕತ್ತು ಅಲ್ಲಾಡದೆ ಅವಳ ಕೈಯಳತೆಯಲ್ಲೇ ಇತ್ತು. ಎಳೆಗಳನ್ನು ಬಿಚ್ಚಿ, ಜಡೆಯ ಬುಡವನ್ನು ಎಡಕ್ಕೆ ಎಳೆದುಕೊಂಡಳು.